ಓಟದಲ್ಲಿ ಮೊದಲಿಗ, ಆರನೇ ವಾರಕ್ಕೆ ಮನೆಗೆ: ಒಬ್ಬ ಕ್ಯಾಡೆಟ್‌ನ ಪ್ರಕರಣ

ಸೇನಾ ಅಧಿಕಾರಿ ತರಬೇತಿಗೆ ಆಯ್ಕೆಯಾದ ಹುಡುಗ ಹುಡುಗಿಯರನ್ನು ಅಕಾಡೆಮಿ ಸೇರುವ ಮೊದಲು ದೈಹಿಕವಾಗಿ ತಯಾರು ಮಾಡುವುದು ನನ್ನ ಕೆಲಸ. ಇಲ್ಲಿ ಬರೆಯುತ್ತಿರುವುದು ನಾನೇ ತಯಾರು ಮಾಡಿ ಕಳಿಸಿದ ಒಬ್ಬನ ಬಗ್ಗೆ. ಅದರಲ್ಲಿ ನನ್ನ ತಪ್ಪೂ ಸಾಕಷ್ಟಿದೆ, ಅದನ್ನೂ ಬರೆದಿದ್ದೇನೆ. ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಅಕಾಡೆಮಿ, ವರ್ಷ ಯಾವುದೂ ಇಲ್ಲ, ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಸುಮ್ನೆ 'ಹುಡುಗ' ಅಂತ ಕರೆಯುತ್ತೇನೆ.

ಹಿನ್ನೆಲೆ

ನನ್ನ ಹತ್ತಿರ ಬಂದಾಗ ಹುಡುಗನಿಗೆ 23 ವರ್ಷ. ಎತ್ತರ 165 ಸೆಂಟಿಮೀಟರ್, ತೂಕ 58 ಕೆಜಿ. ಈ ಎರಡು ಅಂಕಿ ಆಮೇಲೆ ಬೇಕಾಗುತ್ತವೆ, ನೆನಪಿಟ್ಟುಕೊಳ್ಳಿ. ಕಾಲೇಜಿನಲ್ಲಿ ಓಟಗಾರ, ಆಮೇಲೆ ಒಂದೂವರೆ ವರ್ಷ ಕಂಪ್ಯೂಟರ್ ಮುಂದೆ ಕೂತು ಕೆಲಸ. ಆಯ್ಕೆ ಆಗಿತ್ತು, ಮೆಡಿಕಲ್ ಮುಗಿದಿತ್ತು, ಅಕಾಡೆಮಿ ಸೇರಲು 14 ವಾರ ಉಳಿದಿತ್ತು.

"ಸರ್, 2.4 ಕಿಲೋಮೀಟರ್ ಒಂಬತ್ತು ನಿಮಿಷದ ಒಳಗೆ ಬರಬೇಕು. ಅಲ್ಲಿ ಮೊದಲನೇ ದಿನವೇ ಎಲ್ಲರಿಗೂ ಗೊತ್ತಾಗಬೇಕು" ಅಂದ.

ನನಗೂ ಅದು ಹಿಡಿಸಿತು. ಗುರಿ ಸ್ಪಷ್ಟ, ಗಡಿಯಾರ ಸುಳ್ಳು ಹೇಳಲ್ಲ. ವಾರಕ್ಕೆ ಐದು ದಿನ ಓಟ, ಅದರಲ್ಲಿ ಎರಡು ದಿನ ಇಂಟರ್‌ವಲ್ (ಸ್ವಲ್ಪ ದೂರ ಜೋರಾಗಿ ಓಡಿ, ಸುಧಾರಿಸಿಕೊಂಡು, ಮತ್ತೆ ಜೋರಾಗಿ ಓಡುವುದು), ಎಲ್ಲವೂ ಹುಲ್ಲಿನ ಮೈದಾನದಲ್ಲಿ, ಒಳ್ಳೆ ರನ್ನಿಂಗ್ ಶೂ ಹಾಕಿಕೊಂಡು. ಒಟ್ಟು ವಾರಕ್ಕೆ 32 ಕಿಲೋಮೀಟರ್ ಆಗುತ್ತಿತ್ತು. ಜೊತೆಗೆ ಪುಷ್‌ಅಪ್, ಪುಲ್‌ಅಪ್, ಸಿಟ್‌ಅಪ್. ಬೆನ್ನಿಗೆ ಭಾರ ಹಾಕಿ ನಡೆಸಿದ್ದು ಮೂರೇ ಸಲ, ಅದೂ 10 ಕೆಜಿ, 'ಸ್ವಲ್ಪ ಅನುಭವ ಆಗಲಿ' ಅಂತ. ಬೂಟು ಕೊನೆಯ ವಾರದವರೆಗೂ ಡಬ್ಬಿಯಲ್ಲೇ ಇತ್ತು. ಸೇರುವ ಹತ್ತು ದಿನ ಮೊದಲು 2.4 ಕಿಲೋಮೀಟರ್ ಅನ್ನು 8 ನಿಮಿಷ 58 ಸೆಕೆಂಡಿಗೆ ಓಡಿದ. ಇಬ್ಬರೂ ಖುಷಿಯಾಗಿ ಕೈ ಕುಲುಕಿದೆವು.

ಆ 14 ವಾರದಲ್ಲಿ ನಾನು ಒಂದು ಪ್ರಶ್ನೆ ಕೇಳಲೇ ಇಲ್ಲ. ಓಟ ಬಿಟ್ಟರೆ ದಿನದ ಉಳಿದ ಹೊತ್ತು ಏನು ಮಾಡ್ತೀಯಾ? ಕೇಳಿದ್ದರೆ ಉತ್ತರ ಸುಲಭವಿತ್ತು. ಕೂತಿರ್ತೀನಿ, ಅನ್ನುತ್ತಿದ್ದ.

ಅಲ್ಲಿನ ದಿನ

ಬೆಳಗ್ಗೆ ಪೌಣೆ ಐದಕ್ಕೆ ಏಳಬೇಕು. ಶೇವಿಂಗ್, ಹಾಸಿಗೆ ಸುಕ್ಕಿಲ್ಲದ ಹಾಗೆ ಮಡಿಸುವುದು, ಕೋಣೆ ಗುಡಿಸುವುದು. ಐದೂವರೆಗೆ ಪಿ.ಟಿ.ಗೆ ಫಾಲ್‌ಇನ್, ಅಂದರೆ ಸಾಲಾಗಿ ಬಂದು ನಿಲ್ಲುವುದು. ಫಾಲ್‌ಇನ್ ಐದೂವರೆಗೆ ಅಂದರೆ ಸೀನಿಯರ್‌ಗಳ ಲೆಕ್ಕದಲ್ಲಿ ಐದೂ ಕಾಲಿಗೆ, ನಿಮ್ಮ ಭಯದ ಲೆಕ್ಕದಲ್ಲಿ ಐದೂ ಹತ್ತಕ್ಕೆ. ಪಿ.ಟಿ. ಮುಗಿಸಿ ಓಡಿ ಬಂದು ಸ್ನಾನ, ಬಟ್ಟೆ ಬದಲಿಸಿ ತಿಂಡಿ. ಆಮೇಲೆ ಡ್ರಿಲ್. ಆಮೇಲೆ ಕ್ಲಾಸು, ಎಸಿ ಇದ್ದರಂತೂ ಕಣ್ಣು ತಾನಾಗೇ ಮುಚ್ಚಿಕೊಳ್ಳುತ್ತೆ, ನಿದ್ದೆ ಬಂದವರು ಹಿಂದೆ ಹೋಗಿ ನಿಂತುಕೊಂಡೇ ಪಾಠ ಕೇಳಬೇಕು. ಆಯುಧ ತರಬೇತಿ, ಮಧ್ಯಾಹ್ನ ಊಟ, ಮತ್ತೆ ಕ್ಲಾಸು, ಸಂಜೆ ಆಟ, ರಾತ್ರಿ ಊಟ. ಅದಾದ ಮೇಲೆ ನಾಳೆಯ ಇನ್‌ಸ್ಪೆಕ್ಷನ್‌ಗೆ ಬಟ್ಟೆ ಇಸ್ತ್ರಿ, ಬೂಟು ಪಾಲಿಶ್, ಬೆಲ್ಟಿನ ಹಿತ್ತಾಳೆ ಉಜ್ಜುವುದು. ಹುಡುಗ ಮಲಗುವಾಗ ಹನ್ನೆರಡು ಆಗುತ್ತಿತ್ತು.

ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದೂ ಓಡಿಕೊಂಡೇ, ಇಲ್ಲವೇ ಸ್ಕ್ವಾಡ್ ಆಗಿ ಮಾರ್ಚ್ ಮಾಡಿಕೊಂಡು. ಇದು ಟೈಮ್‌ಟೇಬಲ್‌ನಲ್ಲಿ ಎಲ್ಲೂ ಬರೆದಿರುವುದಿಲ್ಲ, ಅಲ್ವಾ. ಪಿ.ಟಿ. 40 ನಿಮಿಷ ಅಂತ ಬರೆದಿರುತ್ತೆ. ಆದರೆ ಕಾಲಿಗೆ ಬೀಳುವ ಏಟು ಪಿ.ಟಿ.ಯಲ್ಲಿ ಮಾತ್ರ ಬೀಳಲ್ಲ. ಆಮೇಲೆ ಹುಡುಗ ವಾಪಸ್ ಬಂದಾಗ ಇಬ್ಬರೂ ನೋಟ್‌ಬುಕ್ ಹಿಡಿದು ಕೂತು ಒಂದು ಮಾಮೂಲಿ ದಿನದ ಲೆಕ್ಕ ಹಾಕಿದೆವು. ಪಿ.ಟಿ.ಯ ಓಟ 5 ಕಿಲೋಮೀಟರ್, ಓಡಾಟ 6 ಕಿಲೋಮೀಟರ್, ಡ್ರಿಲ್ ಮತ್ತು ಆಟ ಸೇರಿಸಿ ಇನ್ನೊಂದು ಐದಾರು. ದಿನಕ್ಕೆ 17 ಕಿಲೋಮೀಟರ್ ಹತ್ತಿರ. ವಾರಕ್ಕೆ 32 ಕಿಲೋಮೀಟರ್ ಮಾಡಿಕೊಂಡಿದ್ದ ಕಾಲು ರಾತ್ರೋರಾತ್ರಿ ನೂರು ದಾಟಿತು. ಅದರಲ್ಲಿ ಹೆಚ್ಚಿನದು ಬೂಟಿನಲ್ಲಿ, ಗಟ್ಟಿ ನೆಲದ ಮೇಲೆ, ಮತ್ತು ಡ್ರಿಲ್ ಅಂದರೆ ಹಿಮ್ಮಡಿಯನ್ನು ಬೇಕಂತಲೇ ನೆಲಕ್ಕೆ ಅಪ್ಪಳಿಸುವುದು.

ಇದರ ಮೇಲೆ ಇನ್ನೊಂದು. ಓಟದಲ್ಲಿ ಮುಂದೆ ಇದ್ದವರು ಗುರಿ ಮುಟ್ಟಿ ನಿಲ್ಲುವ ಹಾಗಿಲ್ಲ. ವಾಪಸ್ ತಿರುಗಿ ಕೊನೆಯವನ ತನಕ ಹೋಗಿ, ಅವನ ಜೊತೆ ಮತ್ತೆ ಓಡಿಕೊಂಡು ಬರಬೇಕು. ಯಾರನ್ನೂ ಬಿಟ್ಟು ಬರಬಾರದು ಅನ್ನುವುದು ಅಲ್ಲಿನ ಮೊದಲ ಪಾಠ, ಒಳ್ಳೆಯದೇ. ಆದರೆ ಲೆಕ್ಕ ನೋಡಿ: ಪ್ಲಟೂನ್‌ನಲ್ಲಿ, ಅಂದರೆ ಒಟ್ಟಿಗೆ ತರಬೇತಿ ಪಡೆಯುವ ತುಕಡಿಯಲ್ಲಿ, ಎಲ್ಲರಿಗಿಂತ ಜೋರಾಗಿ ಓಡುವವನೇ ಎಲ್ಲರಿಗಿಂತ ಜಾಸ್ತಿ ದೂರ ಓಡುತ್ತಾನೆ. ನಾನು ಹುಡುಗನನ್ನು ಅದೇ ಜಾಗಕ್ಕೆ ತಯಾರು ಮಾಡಿ ಕಳಿಸಿದ್ದೆ.

ಭಾರದ ಕಥೆಯೂ ಹೀಗೇ. ಮಾರ್ಚ್‌ಗೆ ಎಲ್ಲರ ಬೆನ್ನಿಗೂ ಒಂದೇ ತೂಕ, 20 ಕೆಜಿ. 80 ಕೆಜಿ ಇರುವವನಿಗೆ ಅದು ಅವನ ತೂಕದ ಕಾಲು ಭಾಗ. ನಮ್ಮ ಹುಡುಗನಿಗೆ ಮೂರರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ. ಜೊತೆಗೆ ಸಾಲಿನ ಹೆಜ್ಜೆ ಎತ್ತರದವರ ಹೆಜ್ಜೆ, 165 ಸೆಂಟಿಮೀಟರ್‌ನವನು ಅದಕ್ಕೆ ಸರಿಹೊಂದಲು ಪ್ರತಿ ಹೆಜ್ಜೆಯನ್ನೂ ಎಳೆದು ಇಡಬೇಕು. ಹಗುರವಾದ, ಕುಳ್ಳಗಿನ ಓಟಗಾರ ಬರಿಮೈಯಲ್ಲಿ ಜಿಂಕೆ. ಬೆನ್ನಿಗೆ ಭಾರ ಬಿದ್ದ ಕೂಡಲೇ ಆಟ ಬೇರೆ.

ಸಮಸ್ಯೆ ಶುರುವಾದದ್ದು

ಮೂರನೇ ವಾರ ಎರಡೂ ಕಾಲಿನಲ್ಲಿ, ಮೊಣಕಾಲಿನ ಕೆಳಗೆ ಒಳಬದಿಗೆ ನೋವು ಶುರುವಾಯಿತು. ಬೆಳಗ್ಗೆ ಹಿಡಿಯುತ್ತಿತ್ತು, ಮೈ ಬಿಸಿಯಾದ ಮೇಲೆ ಹೋಗುತ್ತಿತ್ತು. ಅರ್ಧ ಪ್ಲಟೂನ್‌ಗೆ ಅದೇ ಇತ್ತು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ನಾಲ್ಕನೇ ವಾರ ಬಲಗಾಲು ಸರಿಯಾಯಿತು. ಎಡಗಾಲಿನ ನೋವು ಮಾತ್ರ ಹರಡಿಕೊಂಡಿದ್ದದ್ದು ಒಂದೇ ಜಾಗಕ್ಕೆ ಬಂದು ನಿಂತಿತು. ಹೆಬ್ಬೆರಳಿನಿಂದ ಮುಚ್ಚಬಹುದಾದಷ್ಟು ಜಾಗ. ಈಗ ಮೈ ಬಿಸಿಯಾದರೂ ಹೋಗುತ್ತಿರಲಿಲ್ಲ, ಓಡಿದಷ್ಟೂ ಜಾಸ್ತಿಯಾಗುತ್ತಿತ್ತು. ರಾತ್ರಿ ಮಲಗಿದಾಗಲೂ ಒಳಗಿನಿಂದ ಮಿಡಿಯುವ ಹಾಗೆ ನೋವು.

ಆ ಭಾನುವಾರ ಫೋನ್ ಮಾಡಲು ಹತ್ತು ನಿಮಿಷ ಸಿಕ್ಕಿತು. ಮನೆಗೆ ಐದು ನಿಮಿಷ, ನನಗೆ ಐದು ನಿಮಿಷ.

"ಸರ್, ಶಿನ್ ಸ್ಪ್ಲಿಂಟ್‌ಗೆ ಯಾವ ಸ್ಟ್ರೆಚ್ ಮಾಡಬೇಕು?"

ನಾನು ಮೀನಖಂಡದ ಎರಡು ಸ್ಟ್ರೆಚ್ ಹೇಳಿದೆ. ಐಸ್ ಇಡು ಅಂದೆ. ಮುಗಿಯಿತು. ಅವನು ರೋಗದ ಹೆಸರನ್ನು ತಾನೇ ಇಟ್ಟುಕೊಂಡು ಬಂದಿದ್ದ, ನಾನು ಒಪ್ಪಿಕೊಂಡುಬಿಟ್ಟೆ. ಒಂದು ಬೆರಳಿಟ್ಟು ನೋವಿನ ಜಾಗ ತೋರಿಸಲು ಆಗುತ್ತಾ, ರಾತ್ರಿ ನೋಯುತ್ತಾ, ಆ ಕಾಲಿನ ಮೇಲೆ ಒಂಟಿಯಾಗಿ ಕುಪ್ಪಳಿಸಲು ಆಗುತ್ತಾ? ಮೂರು ಪ್ರಶ್ನೆ, ಅರ್ಧ ನಿಮಿಷ. ಕೇಳಿದ್ದರೆ ಅವನ ಎಂಟೊಂಬತ್ತು ದಿನ ಉಳಿಯುತ್ತಿತ್ತು. ನೋವು ಮೂಳೆಯ ಉದ್ದಕ್ಕೂ ಅಂಗೈ ಅಗಲ ಹರಡಿದ್ದರೆ ಸಾಮಾನ್ಯವಾಗಿ ಅದು ಶಿನ್ ಸ್ಪ್ಲಿಂಟ್, ಓಟ ಜಾಸ್ತಿಯಾದಾಗ ಮೊಣಕಾಲಿನ ಕೆಳಗೆ ಬರುವ ಮಾಮೂಲಿ ನೋವು. ಒಂದೇ ಚುಕ್ಕೆಗೆ ಬಂದು ನಿಂತು, ಸುಮ್ಮನೆ ಮಲಗಿದಾಗಲೂ ನೋಯುತ್ತಿದ್ದರೆ ಮೂಳೆಯಲ್ಲಿ ಬಿರುಕು ಬಂದಿರಬಹುದು ಅಂತ ಹೆದರಬೇಕು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೇಳಲಿಲ್ಲ.

ಅವನ ಕಡೆಯಿಂದ ಏನು ನಡೆಯುತ್ತಿತ್ತು ಅನ್ನುವುದು ಆಮೇಲೆ ಗೊತ್ತಾಯಿತು. ಸಿಕ್ ರಿಪೋರ್ಟ್‌ಗೆ, ಅಂದರೆ ಹುಷಾರಿಲ್ಲ ಅಂತ ಹೇಳಿ ಡಾಕ್ಟರಿಗೆ ತೋರಿಸಲು, ಹೋಗಬೇಕು ಅಂತ ಎರಡು ಸಲ ಬೆಳಗ್ಗೆ ಹೊರಟಿದ್ದ, ಎರಡು ಸಲವೂ ಬಾಗಿಲಿನಿಂದ ವಾಪಸ್ ಬಂದ. ಕಾರಣ ಎರಡು. ತರಬೇತಿಯ ದಿನಗಳು ಇಷ್ಟಕ್ಕಿಂತ ಜಾಸ್ತಿ ತಪ್ಪಿದರೆ ಮುಂದಿನ ಬ್ಯಾಚಿಗೆ ಹಾಕುತ್ತಾರೆ, ಅದು ಎಲ್ಲ ಕ್ಯಾಡೆಟ್‌ಗೂ ದುಃಸ್ವಪ್ನ. ಇನ್ನೊಂದನ್ನು ಅವನ ಮಾತಲ್ಲೇ ಹೇಳಬೇಕು: "ಎಲ್ಲರೂ ನನ್ನನ್ನ ಓಟಗಾರ ಅಂತಿದ್ರು ಸರ್. ಓಟಗಾರ ಹೋಗಿ ಕಾಲು ನೋವು ಅಂತ ಹೇಗೆ ಹೇಳಲಿ?" ಪಕ್ಕದ ಕೋಣೆಯವನ ಹತ್ತಿರ ನೋವಿನ ಮಾತ್ರೆ ಇದ್ದವು. ದಿನಕ್ಕೆ ಎರಡು ನುಂಗಿಕೊಂಡು ಒಂಬತ್ತು ದಿನ ಓಡಿದ.

ಇದೇ ಹೊತ್ತಿಗೆ ತೂಕವೂ ಇಳಿಯುತ್ತಿತ್ತು. ಊಟ ಸಾಕಷ್ಟು ಇತ್ತು, ಆದರೆ ತಿನ್ನಲು ಸಿಗುವ ಹೊತ್ತಿನಲ್ಲಿ ಅರ್ಧ ಸಾಲಿನಲ್ಲೇ ಹೋಗುತ್ತಿತ್ತು. ಸಣ್ಣ ಹೊಟ್ಟೆಯ ಹುಡುಗ, ಒಂದು ಸಲಕ್ಕೆ ಜಾಸ್ತಿ ತಿಂದು ಅಭ್ಯಾಸವಿಲ್ಲ. ಎರಡನೇ ಸಲ ಬಡಿಸಿಕೊಳ್ಳಲು ಏಳುವ ಬದಲು ಆ ಐದು ನಿಮಿಷ ಬೂಟಿಗೆ ಸಿಗುತ್ತೆ ಅಂತ ಎದ್ದು ಹೋಗುತ್ತಿದ್ದ. ಐದು ವಾರಕ್ಕೆ 58ರಿಂದ 53.5 ಕೆಜಿ.

ಹನ್ನೊಂದನೇ ಕಿಲೋಮೀಟರ್

ಐದನೇ ವಾರದ ಕೊನೆಗೆ 16 ಕಿಲೋಮೀಟರ್ ಮಾರ್ಚ್, 20 ಕೆಜಿ ಭಾರದೊಂದಿಗೆ. ಹನ್ನೊಂದನೇ ಕಿಲೋಮೀಟರ್ ಹತ್ತಿರ ಹುಡುಗ ಎಡಗಾಲನ್ನು ಹೊರಗೆ ತಿರುಗಿಸಿ ಇಡಲು ಶುರು ಮಾಡಿದ. ಹಿಂದೆ ನಡೆಯುತ್ತಿದ್ದವನು ಅವನ ರೂಮ್‌ಮೇಟ್. ಪ್ಲಟೂನ್‌ನಲ್ಲಿ ಎಲ್ಲರಿಗಿಂತ ನಿಧಾನ ಓಡುವವನು ಅವನೇ, ದಿನಾ ಹುಡುಗ ವಾಪಸ್ ಹೋಗಿ ಕರೆದುಕೊಂಡು ಬರುತ್ತಿದ್ದದ್ದು ಅವನನ್ನೇ. ದೊಡ್ಡ ಮೈಯವನು, ಭಾರ ಹೊತ್ತು ನಡೆಯುವುದರಲ್ಲಿ ಎತ್ತಿದ ಕೈ. ಏನೂ ಮಾತಾಡದೆ ಹುಡುಗನ ಚೀಲದಿಂದ ನೀರಿನ ಕ್ಯಾನ್ ಮತ್ತು ಇನ್ನೊಂದು ಗಂಟು ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡ.

ರಾತ್ರಿ ಕೋಣೆಯಲ್ಲಿ ಅವನು ಕೇಳಿದ್ದು ಇಷ್ಟೇ: "ನಾಳೆ ಬೆಳಗ್ಗೆ ನೀನೇ ಹೇಳ್ತೀಯೋ, ಇಲ್ಲ ನಾನು ಹೋಗಿ ಹೇಳ್ಲೋ?"

ಈ ಪ್ರಕರಣದ ತಿರುವು ಇದೇ ಅನ್ನುವುದು ನನ್ನ ಅಭಿಪ್ರಾಯ. ಬೇರೆಯವರು ಎಂ.ಆರ್.ಐ. ಅನ್ನಬಹುದು. ಆದರೆ ಅಲ್ಲಿಗೆ ಹೋಗಲು ಯಾರಾದರೂ ಒಬ್ಬರು ಮೊದಲು ಬಾಯಿ ಬಿಡಬೇಕಿತ್ತು. ಅವನನ್ನು ತಯಾರು ಮಾಡಿದ ನಾನು ಬಿಡಲಿಲ್ಲ, ಅವನೂ ಬಿಡಲಿಲ್ಲ.

ಬೆಳಗ್ಗೆ ಹುಡುಗನೇ ಹೋದ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಇದು ಬಹಳ ಜನರನ್ನು ದಾರಿ ತಪ್ಪಿಸುತ್ತೆ: ಇಂಥ ಬಿರುಕು ಶುರುವಿನ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದೇ ಇಲ್ಲ. ಡಾಕ್ಟರು ಅಷ್ಟಕ್ಕೆ ಬಿಡಲಿಲ್ಲ. ಬೆರಳಿಟ್ಟು ಒತ್ತಿದರು, ರಾತ್ರಿ ನೋವಿನ ಬಗ್ಗೆ ಕೇಳಿದರು, ಎಂ.ಆರ್.ಐ.ಗೆ ಬರೆದುಕೊಟ್ಟರು. ಟಿಬಿಯಾ, ಅಂದರೆ ಮೊಣಕಾಲಿನ ಕೆಳಗಿನ ದಪ್ಪ ಮೂಳೆಯ ಒಳಬದಿಯಲ್ಲಿ ಸ್ಟ್ರೆಸ್ ಫ್ರಾಕ್ಚರ್, ಮತ್ತೆ ಮತ್ತೆ ಬೀಳುವ ಏಟಿಗೆ ಮೂಳೆಯಲ್ಲಿ ಬರುವ ಬಿರುಕು. ಅದೃಷ್ಟಕ್ಕೆ ಮುಂಭಾಗದಲ್ಲಿ ಅಲ್ಲ. ಮುಂಭಾಗದ ಬಿರುಕು ಕೂಡಿಕೊಳ್ಳಲು ತುಂಬಾ ಸತಾಯಿಸುತ್ತೆ, ಕೆಲವು ಸಲ ಆಪರೇಷನ್ ತನಕ ಹೋಗುತ್ತೆ.

ಸೈನ್ಯಕ್ಕೂ ಈ ಕಾಯಿಲೆಗೂ ಹಳೇ ನಂಟು. 1855ರಲ್ಲಿ ಪ್ರಷ್ಯಾದ ಸೇನಾ ವೈದ್ಯ ಬ್ರೈಟ್‌ಹೌಪ್ಟ್, ಮಾರ್ಚ್ ಮಾಡಿದ ಸೈನಿಕರ ಪಾದ ಊದಿಕೊಂಡು ನೋಯುವುದನ್ನು ವಿವರಿಸಿ ಬರೆದಿದ್ದ. ಒಳಗೆ ಮೂಳೆ ಬಿರುಕು ಬಿಟ್ಟಿದೆ ಅನ್ನುವುದು ಅವನಿಗೆ ತಿಳಿದಿರಲಿಲ್ಲ, ತಿಳಿಯುವ ಹಾಗೂ ಇರಲಿಲ್ಲ. ಎಕ್ಸ್‌ರೇ ಬಂದದ್ದೇ 1895ರಲ್ಲಿ.

ನೋವು ಶುರುವಾಗಿ ಬಿರುಕಿನ ತನಕ ಹೋದದ್ದು ಯಾಕೆ ಮೂರರಿಂದ ಆರನೇ ವಾರದ ನಡುವೆ? ಮೂಳೆ ಹೊಸ ಭಾರಕ್ಕೆ ಒಗ್ಗಿಕೊಳ್ಳುವುದು ಹಳೇ ಮನೆ ರಿಪೇರಿ ಮಾಡಿದ ಹಾಗೆ, ಮೊದಲು ಒಡೆಯಬೇಕು, ಆಮೇಲೆ ಕಟ್ಟಬೇಕು. ಸವೆದ ಮೂಳೆಯನ್ನು ಕೆರೆದು ತೆಗೆಯಲು ಎರಡು ಮೂರು ವಾರ ಸಾಕು. ಹೊಸದು ತುಂಬಿ ಗಟ್ಟಿಯಾಗಲು ಮೂರು ತಿಂಗಳ ಹತ್ತಿರ ಬೇಕು. ಆ ನಡುವಿನ ಹೊತ್ತಿನಲ್ಲಿ ಮೂಳೆ ಮೊದಲಿಗಿಂತ ದುರ್ಬಲ. ಹೃದಯ, ಶ್ವಾಸಕೋಶ ಕೆಲವೇ ವಾರದಲ್ಲಿ ತಯಾರಾಗುತ್ತವೆ, ಹಾಗಾಗಿ ಉಸಿರು 'ಇನ್ನೂ ಓಡು' ಅನ್ನುತ್ತೆ. ಮೂಳೆಯ ಮಾತು ಕೇಳಿಸುವುದು ತಡವಾಗಿ.

ಮನೆಗೆ ಬಂದ ಮೇಲೆ

ಓಟ, ಮಾರ್ಚ್, ಡ್ರಿಲ್ ಎಲ್ಲ ಬಂದ್. ಮುಂದಿನ ಬ್ಯಾಚ್ ಶುರುವಾಗಲು 24 ವಾರ. ಹುಡುಗನ ಮುಂದೆ ಎರಡು ದಾರಿ ಇತ್ತು: ಪೂರ್ತಿ ಬಿಟ್ಟು ಬರುವುದು, ಇಲ್ಲವೇ ಮನೆಗೆ ಹೋಗಿ ವಾಸಿ ಮಾಡಿಕೊಂಡು ಮೊದಲನೇ ದಿನದಿಂದ ಮತ್ತೆ ಶುರು ಮಾಡುವುದು. ಮೊದಲ ಹತ್ತು ದಿನ ಅವನು ಬಿಡುವ ಮನಸ್ಸಲ್ಲೇ ಇದ್ದ. ನಾನು ಒತ್ತಾಯ ಮಾಡಲಿಲ್ಲ. ಅಪ್ಪ ಅಮ್ಮನೂ ಮಾಡಲಿಲ್ಲ. ಎರಡನೇ ವಾರ ಊರುಗೋಲು ಹಿಡಿದುಕೊಂಡೇ ನನ್ನ ಮೈದಾನಕ್ಕೆ ಬಂದು ಬೆಂಚಿನ ಮೇಲೆ ಕೂತು, ಬೇರೆಯವರು ಇಂಟರ್‌ವಲ್ ಓಡುವುದನ್ನು ನೋಡಿದ. "ಇವರೆಲ್ಲ ನನ್ನ ಹಾಗೇ ಆಗ್ತಾರೆ ಸರ್" ಅಂದ. ಅದು ನನಗೆ ಚುಚ್ಚಿತು. ನಿಜವೂ ಆಗಿತ್ತು.

ಮೊದಲ ಹತ್ತು ವಾರ ವಾಸಿಯಾಗಲು. ಡಾಕ್ಟರು ಒಪ್ಪಿದ ಮೇಲೆ ಈಜು, ಸೈಕಲ್. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ ಕಮ್ಮಿ ಬಂತು, ಡಾಕ್ಟರು ಹೇಳಿದಷ್ಟು ತೆಗೆದುಕೊಂಡ. ಅಮೆರಿಕದ ನೌಕಾಪಡೆಯ ಮಹಿಳಾ ರಿಕ್ರೂಟ್‌ಗಳ ಮೇಲೆ ಮಾಡಿ 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಕೊಟ್ಟವರಲ್ಲಿ ಸ್ಟ್ರೆಸ್ ಫ್ರಾಕ್ಚರ್ ಐದರಲ್ಲಿ ಒಂದು ಪಾಲು ಕಮ್ಮಿಯಾಗಿತ್ತು. ಹಾಗಂತ ಎಲ್ಲರೂ ಅಂಗಡಿಗೆ ಹೋಗಿ ಡಬ್ಬಿ ತರಬೇಕಿಲ್ಲ, ಮೊದಲು ಪರೀಕ್ಷೆ ಮಾಡಿಸಿ. ಇದಕ್ಕಿಂತ ದೊಡ್ಡದು ಊಟ. ದಿನಕ್ಕೆ ಮೂರು ಸಲ ತಿನ್ನುವವನನ್ನು ಐದು ಸಲಕ್ಕೆ ತಂದೆವು. ಜೊತೆಗೆ ಬೇಗ ತಿನ್ನುವ ಅಭ್ಯಾಸ, ಗಡಿಯಾರ ಇಟ್ಟುಕೊಂಡು. ಅವನ ಅಮ್ಮನಿಗೆ ಇದು ಸ್ವಲ್ಪವೂ ಇಷ್ಟವಾಗಲಿಲ್ಲ, ಅದು ಬೇರೆ ಮಾತು.

ಉಳಿದದ್ದು 14 ವಾರ, ಮೊದಲ ಸಲ ಇದ್ದಷ್ಟೇ. ಈ ಸಲ ನಾನು ಓಟದಿಂದ ಶುರು ಮಾಡಲಿಲ್ಲ, ನಡಿಗೆಯಿಂದ ಶುರು ಮಾಡಿದೆ. ಬೂಟು ಹಾಕಿಕೊಂಡು ದಿನಕ್ಕೆ 20 ನಿಮಿಷ. ನಿಧಾನವಾಗಿ ದಿನದಲ್ಲಿ ಕಾಲ ಮೇಲೆ ಇರುವ ಒಟ್ಟು ಹೊತ್ತನ್ನು ಏರಿಸುತ್ತಾ ಹೋದೆವು. ಫೋನ್‌ನಲ್ಲಿ ಮಾತಾಡುವಾಗ ನಡಿ, ಅಂಗಡಿಗೆ ನಡಿ, ಓದುವಾಗ ನಿಂತು ಓದು. ಕೊನೆಯ ತಿಂಗಳಲ್ಲಿ ದಿನಕ್ಕೆ 12, 13 ಕಿಲೋಮೀಟರ್ ಸಲೀಸಾಗಿ ಆಗುತ್ತಿತ್ತು, ಅದರಲ್ಲಿ ಓಟ ನಾಲ್ಕೇ ಕಿಲೋಮೀಟರ್.

ಭಾರ ವಾರಕ್ಕೆ ಒಂದೇ ಸಲ. 8 ಕೆಜಿ, 4 ಕಿಲೋಮೀಟರ್‌ನಿಂದ ಶುರು. ತೂಕ ಏರಿಸಿದ ವಾರ ದೂರ ಏರಿಸುತ್ತಿರಲಿಲ್ಲ, ದೂರ ಏರಿಸಿದ ವಾರ ತೂಕ. ಭಾರ ಹೊತ್ತು ಓಡಿಸಲೇ ಇಲ್ಲ, ಬಿರುಸಿನ ನಡಿಗೆ ಅಷ್ಟೇ. ಕೊನೆಗೆ 18 ಕೆಜಿ, 10 ಕಿಲೋಮೀಟರ್ ತನಕ ಬಂದೆವು. ಜಿಮ್‌ನಲ್ಲಿ ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತಿ ನೆಟ್ಟಗೆ ನಿಲ್ಲುವುದು) 60ರಿಂದ 95 ಕೆಜಿಗೆ ಹೋಯಿತು, ಒಂಟಿ ಕಾಲಿನ ಮೇಲೆ ಹಿಮ್ಮಡಿ ಎತ್ತುವ ವ್ಯಾಯಾಮ ವಾರಕ್ಕೆ ಮೂರು ದಿನ. ಜೊತೆಗೆ ಬೆಳಗ್ಗೆ ಇಪ್ಪತ್ತು ಕುಪ್ಪಳಿಕೆ, ಸಂಜೆ ಇಪ್ಪತ್ತು. ಯಾಕೆ ಎರಡು ಕಂತು ಅಂದರೆ, ಮೂಳೆ ಒಂದೇ ಸಮನೆ ಬೀಳುವ ಏಟಿಗೆ ಬೇಗ ಕಿವುಡಾಗುತ್ತೆ. ಕೆಲವೇ ಏಟಿಗೆ ಸ್ಪಂದಿಸಿ ಆಮೇಲೆ ಸುಮ್ಮನಾಗುತ್ತೆ, ಕೆಲವು ಗಂಟೆ ಬಿಟ್ಟರೆ ಮತ್ತೆ ಸ್ಪಂದಿಸುತ್ತೆ. ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಇದು ಚೆನ್ನಾಗಿ ಕಂಡಿದೆ. ನೂರು ಸಲ ಒಟ್ಟಿಗೆ ಕುಪ್ಪಳಿಸಿದರೆ ಮೂಳೆಗೆ ಲಾಭ ಅಷ್ಟಕ್ಕಷ್ಟೇ, ಸವೆತ ಮಾತ್ರ ನೂರರಷ್ಟು.

ಹನ್ನೊಂದನೇ ವಾರ ಜಗಳ ಆಯಿತು. 2.4 ಕಿಲೋಮೀಟರ್ ಓಡಿ ನೋಡಿದ, 9 ನಿಮಿಷ 40 ಸೆಕೆಂಡು. ಮುಖ ಬಿಳಿಚಿಕೊಂಡಿತು. "ನಲವತ್ತು ಸೆಕೆಂಡು ಹಿಂದೆ ಇದೀನಿ. ಇಂಟರ್‌ವಲ್ ಕೊಡಿ ಸರ್, ಮೂರು ವಾರ ಇದೆ" ಅಂತ ಹಟ ಹಿಡಿದ. ನನಗೂ ಒಂದು ಕ್ಷಣ ಆಸೆಯಾಯಿತು, ಸುಳ್ಳು ಹೇಳಲ್ಲ. ಪಾಸಾಗಲು ಅಷ್ಟು ವೇಗ ಬೇಕಾಗೇ ಇಲ್ಲ, ಇಬ್ಬರಿಗೂ ಗೊತ್ತು. ಆದರೂ ಗಡಿಯಾರ ನೋಡಿದಾಗ ಬುದ್ಧಿ ಓಡಲ್ಲ. ಕೊಡಲಿಲ್ಲ. ಎರಡು ದಿನ ನನ್ನ ಫೋನ್ ಎತ್ತಲಿಲ್ಲ, ಮೂರನೇ ದಿನ ಚೀಲ ಹೊತ್ತುಕೊಂಡು ಬಂದ. ಆ ಹೊತ್ತಿಗೆ ತೂಕ 63 ಕೆಜಿ.

ಎರಡನೇ ಸಲ

ಎರಡನೇ ಸಲ ಬದಲಾದದ್ದು ಕಾಲು ಮಾತ್ರ ಅಂದುಕೊಂಡಿದ್ದೆ. ಅವನು ಹೇಳಿದ್ದು ಕೇಳಿದ ಮೇಲೆ ಗೊತ್ತಾಯಿತು, ಅರ್ಧ ಕೆಲಸ ಮಾಡಿದ್ದು ಇಸ್ತ್ರಿ ಪೆಟ್ಟಿಗೆ.

ಮೊದಲ ಸಲ ಕೋಣೆಯ ನಾಲ್ಕೂ ಜನ ಎಲ್ಲ ಕೆಲಸವನ್ನೂ ತಮ್ಮ ತಮ್ಮದು ಮಾಡಿಕೊಳ್ಳುತ್ತಿದ್ದರು. ಒಂದೇ ಇಸ್ತ್ರಿ ಪೆಟ್ಟಿಗೆ, ಅದಕ್ಕೆ ಸರದಿ. ಕಾಯುತ್ತಾ ಕೂರುವುದರಲ್ಲೇ ಅರ್ಧ ಗಂಟೆ. ಬೂಟಿನ ಮುಂಭಾಗ ಕನ್ನಡಿಯ ಹಾಗೆ ಹೊಳೆಯಬೇಕು ಅಂತ ಹುಡುಗ ಪಾಲಿಶ್ ದಪ್ಪಗೆ ಬಳಿದು ಒಂದು ಗಂಟೆ ಉಜ್ಜುತ್ತಿದ್ದ, ಬೆಳಗ್ಗೆ ನೋಡಿದರೆ ಮಂಕು. ಈ ಸಲ ಅವನಿಗೆ ವಿದ್ಯೆ ಗೊತ್ತಿತ್ತು. ಹತ್ತಿಬಟ್ಟೆಯನ್ನು ಎರಡು ಬೆರಳಿಗೆ ಬಿಗಿಯಾಗಿ ಸುತ್ತಬೇಕು. ಪಾಲಿಶ್ ತುದಿಗೆ ತಾಗಿಸಿದಷ್ಟೇ ಸಾಕು. ಒಂದು ಹನಿ ತಣ್ಣೀರು. ನಾಣ್ಯದಗಲ ಸಣ್ಣ ಸಣ್ಣ ಸುತ್ತು, ಭಾರ ಹಾಕದೆ. ಮಬ್ಬು ಹೋಗಿ ಹೊಳಪು ಬಂದ ಮೇಲೆ ಇನ್ನೊಂದು ತೆಳು ಪದರ. ಮೊದಲ ವಾರ ಕೂತು ಒಮ್ಮೆ ಸರಿಯಾಗಿ ಮಾಡಿದರೆ ಆಮೇಲೆ ದಿನಾ ಹತ್ತು ನಿಮಿಷ.

ಹೊಸ ಕೋಣೆಯವರನ್ನು ಮೊದಲ ರಾತ್ರಿಯೇ ಕೂರಿಸಿಕೊಂಡು ಕೆಲಸ ಹಂಚಿದ. ಒಬ್ಬ ನಾಲ್ಕೂ ಜನರ ಶರ್ಟು ಇಸ್ತ್ರಿ ಮಾಡುವುದು, ಒಬ್ಬ ಹಿತ್ತಾಳೆ, ಒಬ್ಬ ಕೋಣೆ, ಹುಡುಗ ಎಂಟು ಬೂಟು. ಹತ್ತೂ ಕಾಲಿಗೆ ದೀಪ ಆರುತ್ತಿತ್ತು. ಐದು ಗಂಟೆ ಸಿಗದಿದ್ದ ನಿದ್ದೆ ಆರು ದಾಟಿತು. ಇದು ಸಣ್ಣ ವಿಷಯ ಅಲ್ಲ. ಇಸ್ರೇಲ್ ಸೇನೆ 25 ವರ್ಷ ಸ್ಟ್ರೆಸ್ ಫ್ರಾಕ್ಚರ್ ಜೊತೆ ಗುದ್ದಾಡಿ, ಶೂ, ಬೂಟು, ಒಳಪಟ್ಟಿ ಏನೇನೋ ಬದಲಿಸಿ ನೋಡಿತು. ಕೊನೆಗೆ ದೊಡ್ಡ ಫಲ ಕೊಟ್ಟದ್ದು ಎರಡು: ರಾತ್ರಿ ಕನಿಷ್ಠ ಆರು ಗಂಟೆ ನಿದ್ದೆ ಕಡ್ಡಾಯ ಮಾಡಿದ್ದು, ಒಟ್ಟು ಮಾರ್ಚ್ ದೂರ ಇಳಿಸಿದ್ದು. ಅರ್ಧಕ್ಕಿಂತ ಜಾಸ್ತಿ ಕಮ್ಮಿಯಾಯಿತು. ಮಾರ್ಚ್ ದೂರ ಕ್ಯಾಡೆಟ್‌ನ ಕೈಯಲ್ಲಿಲ್ಲ. ನಿದ್ದೆಯೂ ಪೂರ್ತಿ ಅವನ ಕೈಯಲ್ಲಿಲ್ಲ, ಆದರೆ ಒಂದು ಗಂಟೆ ಇದೆ. ಆ ಗಂಟೆ ಇಸ್ತ್ರಿ ಪೆಟ್ಟಿಗೆಯ ಸರದಿಯಲ್ಲಿ ಬಚ್ಚಿಟ್ಟುಕೊಂಡಿರುತ್ತೆ.

ಎಲ್ಲವೂ ಸಲೀಸಾಗಿ ಹೋಗಲಿಲ್ಲ. ಮೂರನೇ ವಾರ ಮತ್ತೆ ಎರಡೂ ಕಾಲು ಹಿಡಿದವು. ಈ ಸಲ ಎರಡನೇ ದಿನವೇ ಸಿಕ್ ರಿಪೋರ್ಟ್‌ಗೆ ಹೋದ. ಮೂರು ದಿನ ಡ್ರಿಲ್ ಮತ್ತು ಓಟಕ್ಕೆ ರಜೆ ಕೊಟ್ಟರು, ಕ್ಲಾಸು, ಆಯುಧ ತರಬೇತಿ ನಡೆಯಿತು. ಒಬ್ಬಿಬ್ಬರು ಸೋಮಾರಿ ಅಂದರಂತೆ. ನಾಲ್ಕನೇ ದಿನ ಸಾಲಿನಲ್ಲಿದ್ದ. ಮೊದಲ ಸಲದ ಒಂಬತ್ತು ದಿನಕ್ಕೆ 24 ವಾರ ಹೋಗಿತ್ತು.

ಓಟದಲ್ಲಿ ಅವನು ಈಗ ಮೊದಲಿಗ ಅಲ್ಲ, ಮೊದಲ ಹತ್ತರಲ್ಲಿ ಒಬ್ಬ. ಕೊನೆಯವನನ್ನು ಕರೆತರಲು ಒಬ್ಬನೇ ವಾಪಸ್ ಹೋಗುವ ಬದಲು ಮೂರು ಜನ ಸರದಿ ಮಾಡಿಕೊಂಡರು, ಇನ್‌ಸ್ಟ್ರಕ್ಟರ್ ನೋಡಿಯೂ ಏನೂ ಅನ್ನಲಿಲ್ಲ. ಐದನೇ ವಾರದ 16 ಕಿಲೋಮೀಟರ್ ಮಾರ್ಚ್ ಮಧ್ಯದ ಗುಂಪಿನಲ್ಲಿ ಮುಗಿಸಿದ. ಹನ್ನೊಂದನೇ ಕಿಲೋಮೀಟರ್‌ನಲ್ಲಿ ಕಾಲು ನೋಡಿಕೊಂಡೆ ಸರ್, ನೆಟ್ಟಗೇ ಬೀಳ್ತಿತ್ತು, ಅಂತ ಬರೆದಿದ್ದ. ತರಬೇತಿ ಪೂರ್ತಿ ಮಾಡಿ ಅಧಿಕಾರಿಯಾದ.

ನಾನು ಬದಲಿಸಿಕೊಂಡದ್ದು

ಈಗ ಹೊಸಬರು ಬಂದರೆ ನಾನು ಮೊದಲು 2.4 ಕಿಲೋಮೀಟರ್ ಸಮಯ ಕೇಳಲ್ಲ. ನಿನ್ನೆ ಒಟ್ಟು ಎಷ್ಟು ಹೊತ್ತು ಕಾಲ ಮೇಲೆ ಇದ್ದೆ ಅಂತ ಕೇಳುತ್ತೇನೆ. ಎರಡನೇ ಪ್ರಶ್ನೆ ತೂಕ, ಮೂರನೆಯದು ನಿದ್ದೆ. ಹಗುರ ಮೈಯವರಿಗೆ, ಅದರಲ್ಲೂ ಹುಡುಗಿಯರಿಗೆ, ಭಾರದ ಅಭ್ಯಾಸ ಮತ್ತು ಜಿಮ್ ಮೊದಲ ದಿನದಿಂದ. ದಪ್ಪ, ನಿಧಾನ ಓಡುವವರನ್ನು ಓಡಿಸಿ ಸುಸ್ತು ಮಾಡುವುದೂ ನಿಲ್ಲಿಸಿದ್ದೇನೆ, ಅವರಿಗೆ ಓಟ ನಿಧಾನವಾಗಿ ಬರುತ್ತೆ, ಹೊರುವುದು ಆಗಲೇ ಬಂದಿರುತ್ತೆ.

ಬೂಟಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಪಾದದ ಕಮಾನು ನೋಡಿ ಶೂ ಆರಿಸಿಕೊಟ್ಟರೆ ಗಾಯ ಕಮ್ಮಿಯಾಗುತ್ತೆ ಅಂತ ನಾನೂ ನಂಬಿದ್ದೆ. ಅಮೆರಿಕದ ಸೇನೆಯ ಮೂಲ ತರಬೇತಿಯಲ್ಲಿ ಸಾವಿರಾರು ಜನರ ಮೇಲೆ ಅದನ್ನು ಪರೀಕ್ಷಿಸಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಕಾಲಿಗೆ ಹಿತವಾದ ಜೋಡಿ ತೆಗೆದುಕೊಳ್ಳಿ, ಸೇರುವ ಮೊದಲು ಎರಡು ತಿಂಗಳು ಅದನ್ನು ಹಾಕಿಕೊಂಡು ನಡೆಯಿರಿ.

ಭಾನುವಾರದ ಫೋನ್ ಬಂದರೆ ಈಗ ನಾನೇ ಮೊದಲು ಕೇಳುವುದು: ಎಲ್ಲಿ ನೋಯ್ತಿದೆ, ಬೆರಳಿಟ್ಟು ಹೇಳು. ಬೆರಳು ಒಂದು ಕಡೆ ನಿಂತಿತು ಅಂದರೆ ಸ್ಟ್ರೆಚ್ ಹೇಳಲ್ಲ, ನಾಳೆ ಬೆಳಗ್ಗೆ ಸಿಕ್ ರಿಪೋರ್ಟ್ ಅನ್ನುತ್ತೇನೆ. ರೂಮ್‌ಮೇಟ್‌ಗೆ ಫೋನ್ ಕೊಡು ಅಂತಲೂ ಅನ್ನುತ್ತೇನೆ.

ಹುಡುಗ ರಜೆಯಲ್ಲಿ ಬಂದಾಗ ಮೈದಾನಕ್ಕೆ ಬರುತ್ತಾನೆ. ಕಳೆದ ಸಲ ಹೊಸ ಹುಡುಗರಿಗೆ ಎಡಗಾಲಿನ ಪ್ಯಾಂಟು ಮಡಚಿ ತೋರಿಸುತ್ತಿದ್ದ. ಬಿರುಕು ಕೂಡಿದ ಜಾಗದಲ್ಲಿ ಮೂಳೆ ಕಡಲೆಕಾಳಿನಷ್ಟು ಉಬ್ಬಿದೆ. ಕಣ್ಣಿಗೆ ಕಾಣಲ್ಲ, ಬೆರಳಿಗೆ ಸಿಗುತ್ತೆ. ಒಬ್ಬೊಬ್ಬರಾಗಿ ಮುಟ್ಟಿ ನೋಡಿದರು.